ಮೊದಲು ಬಾವಿಯ ನೀರು ನೋಡಿ, ಆಮೇಲೆ ಶಾಂಪೂ ಕೊಳ್ಳಿ

ಮಕರ ಸಂಕ್ರಾಂತಿಗೆ ಮಾರಣಕಟ್ಟೆ ಜಾತ್ರೆ ಬರುವ ಹೊತ್ತಿಗೆ ಹೆಮ್ಮಾಡಿ ಸೇವಂತಿಗೆ ಗದ್ದೆ ತುಂಬ ಅರಳಿರುತ್ತದೆ. ಮುಡಿ ತುಂಬ ಹೂ ಮುಡಿಯುವ ಆ ದಿನಗಳಲ್ಲೇ ಕೂದಲು ಮುನಿಸಿಕೊಳ್ಳುತ್ತದೆ. ರಾತ್ರಿ ಮೂಡಣದಿಂದ ಬೀಸುವ ಒಣಗಾಳಿಗೆ ತುಟಿ ಒಡೆಯುತ್ತದೆ, ನೆತ್ತಿ ಬಿಗಿಯುತ್ತದೆ. ‘ಕೂದ್ಲೆಲ್ಲ ತೆಂಗಿನ್ ನಾರಿನಂಗ್ ಆಯ್ತ್ ಮಾರಾಯ್ರೆ, ಯಾವ್ ಶಾಂಪು ಒಳ್ಳೇದ್?’ ಎಂಬ ಮಾತು ಅಂಗಡಿಯಲ್ಲೂ ಬಸ್ಸಿನಲ್ಲೂ ಕೇಳಿಬರುತ್ತದೆ. ಬ್ರ್ಯಾಂಡಿನ ಹೆಸರು ಹೇಳುವ ಮೊದಲು ನಾನು ಕೇಳುವುದು ಒಂದೇ: ನಿಮ್ಮ ಮನೆಯ ಬಾವಿ ಎಲ್ಲಿದೆ?

ನೀರಿನ ಪರೀಕ್ಷೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಒಳಭಾಗದಲ್ಲಿ, ಮುರಕಲ್ಲು ಕಡಿದು ತೋಡಿದ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಅದರಲ್ಲಿ ಸ್ವಲ್ಪ ಶಾಂಪೂ ಹಾಕಿದರೂ ನೊರೆ ಏಳುತ್ತದೆ. ಗಂಗೊಳ್ಳಿ, ಕೋಡಿಯಂಥ ಕಡಲ ಮತ್ತು ಹೊಳೆಯ ಬದಿಯ ಊರುಗಳ ಕಥೆ ಬೇರೆ. ಅಲ್ಲಿನ ಅನೇಕ ಬಾವಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪು ಏರುತ್ತದೆ. ಆ ನೀರಿನಲ್ಲಿ ಉಪ್ಪಿನ ಜತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಇವು ಕೂದಲಿಗೆ ಅಂಟಿಕೊಂಡು ಅದನ್ನು ಒರಟು ಮಾಡುತ್ತವೆ. ಅಂಥ ಮನೆಯವರು ಎಷ್ಟು ದುಬಾರಿ ಶಾಂಪೂ ತಂದರೂ ಪೂರ್ತಿ ಫಲ ಸಿಗುವುದಿಲ್ಲ.

ಪರೀಕ್ಷೆ ಸುಲಭ. ಮುಚ್ಚಳವಿರುವ ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಮೈಸೋಪಿನ ಸಣ್ಣ ಚೂರು ಕರಗಿಸಿ, ಚೆನ್ನಾಗಿ ಕುಲುಕಿ. ನೊರೆ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ಅದು ಮೆದು ನೀರು. ನೊರೆ ಏಳದೆ ನೀರು ಹಾಲಿನಂತೆ ಕದಡಿ, ಮೇಲೆ ಗಸಿ ತೇಲಿದರೆ ಗಡಸು. ನೀರು ಗಡಸಾಗಿದ್ದರೆ ಎರಡು ಕೆಲಸ ಮಾಡಿ. ಶಾಂಪೂ ಬಾಟಲಿಯ ಹಿಂದಿನ ವಸ್ತುಗಳ ಪಟ್ಟಿಯಲ್ಲಿ ‘ಇಡಿಟಿಎ’ ಎಂಬ ಹೆಸರು ಇದೆಯೇ ನೋಡಿ, ಅದು ನೀರಿನ ಖನಿಜಗಳನ್ನು ಹಿಡಿದಿಡುತ್ತದೆ. ಮತ್ತೆ, ತಲೆ ತೊಳೆದಾದ ಮೇಲೆ ಕೊನೆಗೆ ಒಂದು ಬಕೆಟ್ ಸಿಹಿನೀರು ಹೊಯ್ದುಕೊಳ್ಳಿ. ಕುಡಿಯಲು ಹೊತ್ತು ತರುವ ನೀರನ್ನು ತಲೆಗೆ ಸುರಿಯುವುದು ಕಷ್ಟವೆಂದು ಗೊತ್ತು. ವಾರಕ್ಕೆ ಒಂದು ಬಕೆಟ್ ಆದರೂ ಸಾಕು, ವ್ಯತ್ಯಾಸ ಕೈಗೆ ಸಿಗುತ್ತದೆ.

ನೆತ್ತಿ ಬೇರೆ, ಕೂದಲು ಬೇರೆ

ಹೆಚ್ಚಿನವರು ತಪ್ಪುವುದು ಇಲ್ಲಿ. ಹೆಗಲ ಮೇಲೆ ಬಿಳಿ ಪುಡಿ ಕಂಡ ಕೂಡಲೇ ‘ತಲೆ ಒಣಗಿದೆ’ ಎಂದು ಎಣ್ಣೆ ಸುರಿಯುತ್ತಾರೆ. ಆ ಪುಡಿ ಎರಡು ಬಗೆಯದು. ಪುಡಿ ಸಣ್ಣದಾಗಿ, ಒಣದಾಗಿ ಉದುರುತ್ತಿದ್ದು, ಕೈಕಾಲಿನ ಚರ್ಮವೂ ಬಿರಿಯುತ್ತಿದ್ದರೆ ಅದು ನಿಜವಾದ ಒಣ ನೆತ್ತಿ. ಚಕ್ಕೆ ದೊಡ್ಡದಾಗಿ, ತುಸು ಹಳದಿಯಾಗಿ, ಜಿಡ್ಡಿನಿಂದ ನೆತ್ತಿಗೆ ಅಂಟಿ ತುರಿಸುತ್ತಿದ್ದರೆ ಅದು ತಲೆಹೊಟ್ಟು. ತಲೆಹೊಟ್ಟಿನಲ್ಲಿ ಮಲಸೇಜಿಯಾ ಎಂಬ ಶಿಲೀಂಧ್ರದ ಪಾತ್ರವಿದೆ. ನೆತ್ತಿಯ ಜಿಡ್ಡೇ ಅದರ ಆಹಾರ. ಅಂಥ ತಲೆಗೆ ರಾತ್ರಿಯಿಡೀ ಎಣ್ಣೆ ಬಿಟ್ಟರೆ ಅದಕ್ಕೆ ಊಟ ಬಡಿಸಿದಂತೆ. ತಲೆಹೊಟ್ಟಿಗೆ ಬೇಕಾದದ್ದು ಕೀಟೋಕೊನಜೋಲ್‌ನಂಥ ಔಷಧಿಯಿರುವ ಶಾಂಪೂ. ಅದನ್ನು ನೆತ್ತಿಯಲ್ಲಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು, ಕೂದಲಿನ ತುದಿಗೆ ಕಂಡೀಷನರ್ ಹಚ್ಚಬೇಕು.

ಕೂದಲನ್ನೂ ಒಮ್ಮೆ ನೋಡಿ. ಬಣ್ಣ ಹಾಕಿದ, ಪಾರ್ಲರಿನಲ್ಲಿ ನೇರ ಮಾಡಿಸಿದ ಕೂದಲಿಗೆ ತೀರಾ ಸೌಮ್ಯವಾದ ಶಾಂಪೂವೇ ಬೇಕು. ಮರವಂತೆ, ತ್ರಾಸಿ ಕಡಲಿಗೆ ಇಳಿದು ಬಂದವರು, ದೋಣಿಯಲ್ಲಿ ದುಡಿಯುವವರು ಮನೆಗೆ ಬಂದ ಕೂಡಲೇ ಬರೀ ನೀರಿನಲ್ಲಿ ಉಪ್ಪು ತೊಳೆದುಕೊಂಡರೆ ಸಾಕು. ದಿನಾ ಶಾಂಪೂ ಹಾಕುವ ಅಗತ್ಯವಿಲ್ಲ.

ಬಾಟಲಿ ತಿರುಗಿಸಿ ಓದಿ

ಬಾಟಲಿಯ ಮುಂದಿನ ಚಿತ್ರ ಜಾಹೀರಾತು, ಹಿಂದಿನ ಸಣ್ಣಕ್ಷರ ಸತ್ಯ. ಹೆಚ್ಚು ಪ್ರಮಾಣದಲ್ಲಿರುವ ವಸ್ತುಗಳ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ. ಆದ್ದರಿಂದ ಮೊದಲ ಐದಾರು ಹೆಸರು ಓದಿದರೆ ಶಾಂಪೂವಿನ ಜಾತಕ ತಿಳಿಯುತ್ತದೆ. ಮುಂದೆ ದೊಡ್ಡದಾಗಿ ಚಿತ್ರ ಹಾಕಿದ ಆರ್ಗಾನ್ ಎಣ್ಣೆಯೋ ಬಾದಾಮಿಯೋ ಪಟ್ಟಿಯ ಬಾಲದಲ್ಲಿ, ಸುಗಂಧದ ಆಚೆ ಇದ್ದರೆ ಅದು ಹೆಸರಿಗಷ್ಟೆ.

ಮೊದಲು ಬರುವುದು ನೀರು, ಅದರ ಹಿಂದೆಯೇ ಕೊಳೆ ತೆಗೆಯುವ ವಸ್ತು. ಅದು ‘ಸೋಡಿಯಂ ಲಾರಿಲ್ ಸಲ್ಫೇಟ್’ ಆಗಿದ್ದರೆ ಒಣ ಕೂದಲಿನವರು ಬಾಟಲಿ ಕೆಳಗಿಡಿ. ‘ಸೋಡಿಯಂ ಲಾರೆತ್ ಸಲ್ಫೇಟ್’ ಅದಕ್ಕಿಂತ ಮೆದು. ಅದರ ಬೆನ್ನಿಗೇ ‘ಕೊಕಮಿಡೊಪ್ರೊಪೈಲ್ ಬೀಟೇನ್’ ಇದ್ದರೆ ಹೆಚ್ಚಿನವರಿಗೆ ನಡೆಯುತ್ತದೆ. ಇನ್ನೂ ಸೌಮ್ಯವಾದದ್ದು ಬೇಕಿದ್ದರೆ ‘ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್’ ಅಥವಾ ‘ಡೆಸಿಲ್ ಗ್ಲೂಕೊಸೈಡ್’ ಹುಡುಕಿ.

‘ಸಲ್ಫೇಟ್ ಇಲ್ಲ’ ಎಂಬ ಬರಹವನ್ನು ಮಾತ್ರ ನಂಬಿ ಹಣ ಕೊಡಬೇಡಿ. ಅಂಥ ಕೆಲವು ಬಾಟಲಿಗಳಲ್ಲಿ ‘ಸೋಡಿಯಂ ಸಿ14-16 ಒಲೆಫಿನ್ ಸಲ್ಫೊನೇಟ್’ ಇರುತ್ತದೆ. ಹೆಸರಿಗೆ ಅದು ಸಲ್ಫೇಟ್ ಅಲ್ಲ, ಜಿಡ್ಡು ಕೀಳುವುದರಲ್ಲಿ ಮಾತ್ರ ಸಲ್ಫೇಟಿನ ಸರಿಸಮ.

ಇನ್ನು ತೇವ ಮತ್ತು ನುಣುಪು ಕೊಡುವವು: ಗ್ಲಿಸರಿನ್, ಪ್ಯಾಂಥೆನಾಲ್, ‘ಗ್ವಾರ್’ ಎಂದು ಶುರುವಾಗುವ ಉದ್ದ ಹೆಸರು, ‘ಪಾಲಿಕ್ವಾಟರ್ನಿಯಂ’, ‘ಡೈಮೆಥಿಕೋನ್’. ಕೊನೆಯದು ಸಿಲಿಕೋನ್. ದಪ್ಪ, ಒರಟು ಕೂದಲಿಗೆ ಅದು ಹಿತ. ತೆಳು ಕೂದಲಿಗೆ ಭಾರವಾಗಿ ಜೋತುಬೀಳಿಸುತ್ತದೆ. ನೆತ್ತಿ ಬೇಗ ತುರಿಸುವವರು ಗಾಢ ಪರಿಮಳದ ಶಾಂಪೂ ಬಿಟ್ಟು ಸುಗಂಧವಿಲ್ಲದ್ದನ್ನು ಆರಿಸಿ.

ನೆತ್ತಿಯ ಪಿಎಚ್ ಸುಮಾರು 5.5, ಅಂದರೆ ತುಸು ಹುಳಿ. ಬ್ರೆಜಿಲ್‌ನ ಸಂಶೋಧಕರು 123 ಶಾಂಪೂಗಳನ್ನು ಅಳೆದು 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಇದ್ದವು ಶೇ 38ರಷ್ಟು ಮಾತ್ರ. ಪಿಎಚ್ ಏರಿದಷ್ಟೂ ಕೂದಲ ಎಳೆಗಳು ಒಂದಕ್ಕೊಂದು ಉಜ್ಜಿ ಸಿಕ್ಕಾಗುತ್ತವೆ. ಮೈಸೋಪಿನ ಪಿಎಚ್ 9ರಿಂದ 10. ಗಂಡಸರು, ಮಕ್ಕಳು ಮೈಗೆ ಹಚ್ಚಿದ ಸೋಪನ್ನೇ ತಲೆಗೂ ತಿಕ್ಕುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಇವತ್ತೇ ಬಿಡಿಸಿ.

ಮೊದಲು ಸ್ಯಾಷೆ

ಗೂಡಂಗಡಿಯಲ್ಲಿ ಮಾಲೆಯಂತೆ ತೂಗುವ ಸ್ಯಾಷೆಗಳು ಪರೀಕ್ಷೆಗೆ ಒಳ್ಳೆಯವು. ಒಂದೇ ಬಗೆಯ ನಾಲ್ಕು ಸ್ಯಾಷೆ ತನ್ನಿ, ಎರಡು ವಾರ ಬಳಸಿ. ಮೊದಲ ದಿನ ಕಿವಿಯ ಹಿಂದೆ ಒಂದು ಹನಿ ಹಚ್ಚಿ ತೊಳೆದು, ಮರುದಿನದವರೆಗೆ ಕೆಂಪಾಗುತ್ತದೆಯೇ ನೋಡಿ. ಮಿಂದು ಕೂದಲು ಒಣಗಿದ ಮೇಲೆ ನೆತ್ತಿ ಬಿಗಿಯದೆ, ಬಾಚಣಿಗೆ ತಡೆಯದೆ ಇಳಿದರೆ ಆಗ ಬಾಟಲಿ ಕೊಳ್ಳಿ. ಖಾಲಿ ಸ್ಯಾಷೆಯನ್ನು ತೋಡಿಗೆ ಎಸೆಯಬೇಡಿ, ಅದು ಸೀದಾ ಕಡಲಿಗೆ ಹೋಗುತ್ತದೆ.

ಮೀಯುವ ಕ್ರಮ

ಮಡಲು ಉರಿಸಿ ಕಾಯಿಸಿದ ಹಂಡೆಯ ಸುಡುನೀರು ಮೈಗೆ ಹಿತ, ತಲೆಗೆ ಅಲ್ಲ. ತಲೆಗೆ ಉಗುರುಬೆಚ್ಚಗಿನ ನೀರು ಸಾಕು. ಶಾಂಪೂವನ್ನು ಚೊಂಬಿನಲ್ಲಿ ನೀರು ಬೆರೆಸಿ ತೆಳು ಮಾಡಿ, ನೆತ್ತಿಗೆ ಮಾತ್ರ ಬೆರಳ ತುದಿಯಿಂದ ಹಚ್ಚಿ. ಉಗುರು ತಾಗಬಾರದು. ಉದ್ದ ಕೂದಲಿಗೆ ಇಳಿದುಬರುವ ನೊರೆಯೇ ಸಾಕು. ನೊರೆ ಕಡಿಮೆಯಾದರೆ ಕೊಳೆ ಹೋಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಶಾಂಪೂ ತಲೆಯಲ್ಲಿ ಇರುವುದು ಒಂದೆರಡು ನಿಮಿಷ. ಎಷ್ಟೇ ‘ಮಾಯಿಶ್ಚರೈಸಿಂಗ್’ ಎಂದರೂ ಅದರ ಮುಖ್ಯ ಕೆಲಸ ತೊಳೆಯುವುದು, ಕೂದಲಿಗೆ ಮೃದುತ್ವ ಕೊಡುವುದು ಕಂಡೀಷನರ್. ಕೈಯಲ್ಲಿ ಹಣ ಕಡಿಮೆ ಇದ್ದರೆ ಸಾಧಾರಣ ಸೌಮ್ಯ ಶಾಂಪೂ ತಂದು, ಉಳಿದದ್ದನ್ನು ಕಂಡೀಷನರಿಗೆ ಹಾಕಿ. ಒಣ ಕೂದಲಿಗೆ ವಾರಕ್ಕೆ ಎರಡು ಸಲ ಶಾಂಪೂ ಧಾರಾಳ.

ಮಳೆಗಾಲದಲ್ಲಿ ಕೂದಲು ಒಣಗುವುದೇ ಸಮಸ್ಯೆ. ಒದ್ದೆ ಕೂದಲನ್ನು ಜಡೆ ಕಟ್ಟಿ ಶಾಲೆಗೆ, ಕೆಲಸಕ್ಕೆ ಹೋದರೆ ನೆತ್ತಿ ತುರಿಸತೊಡಗುತ್ತದೆ. ಜೂನ್ ಬಂದ ಮೇಲೆ ಬೆಳಗಿನ ಬದಲು ಸಂಜೆ ಬೇಗ ಮಿಂದು, ಪೂರ್ತಿ ಒಣಗಿಸಿ ಮಲಗಿ.

ಹಿತ್ತಿಲ ಗೊಂಪು, ಅಡುಗೆಮನೆಯ ಎಣ್ಣೆ

ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ ಸೋಸಿದ ಗೊಂಪು ಒಣ ಕೂದಲಿಗೆ ನನ್ನ ಮಟ್ಟಿಗೆ ಮೊದಲ ಆಯ್ಕೆ. ಅದರ ಲೋಳೆ ಎಳೆಗಳ ಮೇಲೆ ಜಾರಿ ಸಿಕ್ಕು ಬಿಡಿಸುತ್ತದೆ. ಆದರೆ ಜಿಡ್ಡು ಹೆಚ್ಚಿದ್ದರೆ ಗೊಂಪಿಗೆ ಅದನ್ನು ತೆಗೆಯುವ ಶಕ್ತಿ ಸಾಲದು. ಎಣ್ಣೆ ಹಾಕಿದ ದಿನ ಸೀಗೆಯೋ ಶಾಂಪೂವೋ ಬೇಕು. ಅಂಟುವಾಳ ಒಣ ತಲೆಗೆ ಹೆಚ್ಚು ಖಾರ. ಲಿಂಬೆರಸವನ್ನು ನೇರ ನೆತ್ತಿಗೆ ಹಿಂಡಬೇಡಿ, ಉರಿಯುತ್ತದೆ.

ತೆಂಗಿನೆಣ್ಣೆಯ ವಿಷಯದಲ್ಲಿ ನಮ್ಮ ಹಿರಿಯರದೇ ಸರಿ. ಭಾರತದ ಸಂಶೋಧಕರಾದ ರೇಲೆ ಮತ್ತು ಮೊಹಿಲೆ 2003ರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳನ್ನು ಹೋಲಿಸಿ ನೋಡಿದರು. ಕೂದಲಿನ ಪ್ರೋಟೀನ್ ಸೋರಿಕೆ ತಡೆದದ್ದು ತೆಂಗಿನೆಣ್ಣೆ ಒಂದೇ. ಅದರ ಲಾರಿಕ್ ಆಮ್ಲ ಎಳೆಯ ಒಳಗೆ ಇಳಿಯಬಲ್ಲದು. ಮೀಯುವ ಒಂದು ಗಂಟೆ ಮೊದಲು ಕೂದಲ ಉದ್ದಕ್ಕೆ, ತುದಿಗೆ ಹಚ್ಚಿ. ತಲೆಹೊಟ್ಟು ಇದ್ದವರು ನೆತ್ತಿ ಬಿಟ್ಟು ಹಚ್ಚಿ. ಅಂದಹಾಗೆ, ‘ಶಾಂಪೂ’ ಎಂಬ ಪದವೇ ಹಿಂದಿಯ ‘ಚಾಂಪೋ’ದಿಂದ ಹುಟ್ಟಿದ್ದು. ಅದರ ಅರ್ಥ ಒತ್ತು, ತಿಕ್ಕು.

ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಉದುರಿದ ಕಲೆ, ಕಿವಿ-ಹಣೆಯವರೆಗೆ ಹಬ್ಬಿದ ಬೆಳ್ಳಿಬಣ್ಣದ ದಪ್ಪ ಹೊಪ್ಪಳೆ, ಕೀವು, ಇವು ಯಾವ ಶಾಂಪೂವಿಗೂ ಬಗ್ಗುವುದಿಲ್ಲ. ಕೂದಲು ಒಣಗುವುದರ ಜತೆ ಸುಸ್ತು, ತೂಕ ಏರಿಕೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎರಡು ಶಾಂಪೂ ಬದಲಿಸಿ ಆರು ವಾರ ಕಳೆದರೂ ತುರಿಕೆ ಇಳಿಯದಿದ್ದರೆ ಮೂರನೆಯ ಬಾಟಲಿ ಕೊಳ್ಳಬೇಡಿ, ಚರ್ಮ ವೈದ್ಯರಿಗೆ ತಲೆ ತೋರಿಸಿ. ಹೋಗುವಾಗ ಬಳಸುತ್ತಿದ್ದ ಬಾಟಲಿಗಳನ್ನೂ ಕೊಂಡೊಯ್ಯಿರಿ.