ಡೈನೋಸಾರ್ ಬೆಳವಣಿಗೆಯ ಲೆಕ್ಕ ಮತ್ತು ಹೊಳೆದಂಡೆಯ ಒಂದು ಗಿಡ

ಮಡಗಾಸ್ಕರ್ ದ್ವೀಪದಲ್ಲಿ ರಪೆಟೋಸಾರಸ್ ಅನ್ನೋ ಉದ್ದ ಕತ್ತಿನ ಡೈನೋಸಾರ್ ಮರಿಯೊಂದರ ಮೂಳೆಗಳು ಸಿಕ್ಕಿವೆ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊಟ್ಟೆಯಿಂದ ಹೊರಬಂದಾಗ ಅದರ ತೂಕ ಸುಮಾರು 3.4 ಕೆ.ಜಿ. ಹೆಚ್ಚುಕಮ್ಮಿ ಮನುಷ್ಯರ ಕೂಸಿನಷ್ಟೇ. ಸಾಯುವಾಗ ವಯಸ್ಸು 39ರಿಂದ 77 ದಿನ, ತೂಕ ಸುಮಾರು 40 ಕೆ.ಜಿ!

ಇದು ಹೇಗೆ ಗೊತ್ತಾಯ್ತು? ಮೂಳೆಯಿಂದಲೇ. ಮೂಳೆಯ ಚೂರನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಮೈಕ್ರೋಸ್ಕೋಪಿನಡಿ ಇಡ್ತಾರೆ. ವೇಗವಾಗಿ ಬೆಳೆದ ಮೂಳೆಯಲ್ಲಿ ರಕ್ತನಾಳಗಳ ದಾರಿಗಳು ಒತ್ತೊತ್ತಾಗಿರುತ್ತವೆ, ನಾರುಗಳು ಅಡ್ಡಾದಿಡ್ಡಿಯಾಗಿರುತ್ತವೆ. ಬೆಳವಣಿಗೆ ನಿಂತಾಗ ಮರದ ಉಂಗುರದ ಹಾಗೆ ಒಂದು ಗೆರೆ ಬೀಳುತ್ತದೆ. ವರ್ಷಕ್ಕೊಂದರಂತೆ ಬೀಳುವ ಈ ಗೆರೆಗಳನ್ನು ಎಣಿಸಿದರೆ ವಯಸ್ಸು ಸಿಗುತ್ತದೆ. ಈ ಮರಿಯಲ್ಲಿ ಮೊಟ್ಟೆಯೊಡೆದ ಹೊತ್ತಿನ ಗುರುತೂ ಉಳಿದಿತ್ತು.

ರಪೆಟೋಸಾರಸ್ ಡೈನೋಸಾರ್ ಯುಗದ ಕೊನೆಯ ಹೊತ್ತಿನದು. ಅದಕ್ಕಿಂತ ಬಹಳ ಹಿಂದೆ, ಜುರಾಸಿಕ್ ಕಾಲದಲ್ಲಿದ್ದ ಅದರ ನೆಂಟರೂ ಹೀಗೇ ಬೇಗ ಬೆಳೆದು ಹತ್ತಾರು ಟನ್ ತೂಗುತ್ತಿದ್ದವು. ಇಲ್ಲೇ ಇರೋದು ಸಮಸ್ಯೆ. ಇಷ್ಟು ಔಟ್‌ಪುಟ್‌ಗೆ ಇನ್‌ಪುಟ್ ಯಾವುದು? ಆಗ ಹುಲ್ಲೇ ಇರಲಿಲ್ಲ. ಇದ್ದದ್ದು ಜರೀಗಿಡ, ಸೈಕಾಡ್, ಗಿಂಕ್ಗೊ, ಅರಾಕೇರಿಯಾದಂಥ ಮರಗಳು ಮತ್ತು ನೀರಿನಂಚಿನ ಹಾರ್ಸ್‌ಟೇಲ್, ಅಂದರೆ ಎಕ್ವಿಸೀಟಮ್. ಇವೆಲ್ಲ ಸತ್ವವಿಲ್ಲದ ಮೇವು ಅಂತ ಬಹಳ ಜನ ನಂಬಿದ್ದರು.

ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಯುರ್ಗನ್ ಹುಮ್ಮೆಲ್ ಮತ್ತು ಸಂಗಡಿಗರು ಇದನ್ನು ಅಳೆದೇ ನೋಡಿದರು. ಈ ಗಿಡಗಳ ಇಂದಿನ ಬಂಧುಗಳನ್ನು ಒಣಗಿಸಿ ಪುಡಿಮಾಡಿ, ಕುರಿಯ ಹೊಟ್ಟೆಯ ದ್ರವದ ಜೊತೆ ಗಾಜಿನ ಸಿರಿಂಜಿನಲ್ಲಿ ಹಾಕಿ ಬೆಚ್ಚಗಿಟ್ಟರು. ಸೂಕ್ಷ್ಮಾಣುಗಳು ಮೇವನ್ನು ಹುದುಗಿಸಿದಷ್ಟೂ ಗ್ಯಾಸ್ ಹುಟ್ಟಿ ಪಿಸ್ಟನ್ ಮೇಲೇರುತ್ತದೆ. ಗ್ಯಾಸ್ ಹೆಚ್ಚಿದ್ದರೆ ಆ ಮೇವಿನಿಂದ ಸಿಗುವ ಶಕ್ತಿಯೂ ಹೆಚ್ಚು. 2008ರಲ್ಲಿ ಬಂದ ಫಲಿತಾಂಶದಲ್ಲಿ ಹಾರ್ಸ್‌ಟೇಲ್ ಇಂದಿನ ಹುಲ್ಲಿಗೆ ಸಾಟಿಯಾಗಿ ನಿಂತಿತು. ಅರಾಕೇರಿಯಾ ನಿಧಾನವಾಗಿ ಶುರುಮಾಡಿದರೂ ಹೆಚ್ಚು ಹೊತ್ತು ಬಿಟ್ಟಾಗ ಚೆನ್ನಾಗಿಯೇ ಶಕ್ತಿ ಕೊಟ್ಟಿತು. ಸೈಕಾಡ್ ಹಿಂದೆ ಬಿತ್ತು.

ಹಾರ್ಸ್‌ಟೇಲ್‌ನಲ್ಲಿ ಒಂದು ತೊಂದರೆಯಿದೆ. ಅದರ ಕಾಂಡದ ತುಂಬ ಸಿಲಿಕಾ. ಯೂರೋಪಿನಲ್ಲಿ ಹಿಂದೆ ಪಾತ್ರೆ ಉಜ್ಜಲು ಇದನ್ನೇ ಬಳಸುತ್ತಿದ್ದರು. ಹಲ್ಲು ಸವೆಯದೇ ಇರುತ್ತಾ? ಆದರೆ ಈ ಡೈನೋಸಾರ್‌ಗಳು ಅಗಿಯುತ್ತಲೇ ಇರಲಿಲ್ಲ, ಕಿತ್ತು ನುಂಗುತ್ತಿದ್ದವು. ಜೊತೆಗೆ ಡಿಪ್ಲೋಡೋಕಸ್‌ನಲ್ಲಿ ಹಲ್ಲಿನ ಒಂದೊಂದು ಜಾಗದಲ್ಲೂ ಸುಮಾರು 35 ದಿನಕ್ಕೊಮ್ಮೆ ಹೊಸ ಹಲ್ಲು ಬರುತ್ತಿತ್ತು. ಅಗಿಯೋ ಕೆಲಸ ಇಲ್ಲದ್ದರಿಂದ ತಲೆ ಚಿಕ್ಕದಾದರೂ ಸಾಕು. ತಲೆ ಹಗುರವಾದ್ದರಿಂದಲೇ ಅಷ್ಟುದ್ದದ ಕತ್ತು ಸಾಧ್ಯವಾಯ್ತು. ನಿಂತಲ್ಲೇ ಕತ್ತು ಆಡಿಸಿ ದಂಡೆಯುದ್ದಕ್ಕೂ ಮೇಯಬಹುದು, ಹೊಟ್ಟೆಯೆಂಬ ದೊಡ್ಡ ಟ್ಯಾಂಕ್ ನಿಧಾನವಾಗಿ ಹುದುಗಿಸುತ್ತಿರುತ್ತದೆ.

ಒಂದು ಎಚ್ಚರಿಕೆ: ಸಿರಿಂಜಿನಲ್ಲಿದ್ದದ್ದು ಕುರಿಯ ಸೂಕ್ಷ್ಮಾಣು, ಡೈನೋಸಾರಿನದ್ದಲ್ಲ. ಹಾಗಾಗಿ ಈ ಪ್ರಯೋಗ ಡೈನೋಸಾರ್ ಇದನ್ನೇ ತಿಂದಿತು ಅಂತ ಸಾಬೀತು ಮಾಡುವುದಿಲ್ಲ. ತಿಂದಿದ್ದರೆ ಶಕ್ತಿ ಸಾಕಾಗುತ್ತಿತ್ತು ಅನ್ನೋದನ್ನು ಮಾತ್ರ ತೋರಿಸುತ್ತದೆ. ಆದರೂ ಕಣ್ಣಂದಾಜಿನಲ್ಲಿ 'ಸತ್ವವಿಲ್ಲ' ಅಂತ ತಳ್ಳಿಹಾಕಿದ್ದ ಗಿಡದ ನಿಜವಾದ ಬೆಲೆ ಅಳತೆ ಮಾಡಿದಾಗಲೇ ತಿಳಿದದ್ದು.

ದಕ್ಷಿಣ ಭಾರತದ ಹೊಳೆದಂಡೆಗಳಲ್ಲೂ ಹಾರ್ಸ್‌ಟೇಲ್ ಬೆಳೆಯುತ್ತದೆ. ಎಲೆಯೇ ಇಲ್ಲವೇನೋ ಅನ್ನಿಸುವ, ಗೆಣ್ಣುಗೆಣ್ಣಾದ ಹಸಿರು ಕಡ್ಡಿ. ಮುಂದಿನ ಟ್ರೆಕ್‌ನಲ್ಲಿ ಕಂಡರೆ ಬೆರಳಲ್ಲಿ ಸವರಿ ನೋಡಿ, ಸಿಲಿಕಾದ ಒರಟು ಕೈಗೇ ಗೊತ್ತಾಗುತ್ತದೆ.