ಚೆಂಡು ಮುಟ್ಟುವ ಮುನ್ನ ಬಾಯಿ ಬಿಡಿ

ಪ್ರಶ್ನೆ: ನಿವೃತ್ತಿಯಾದ ಮೇಲೆ ಗಾಲ್ಫ್ ಕಲಿತವನು ನಾನು. ಭಾನುವಾರ ತಪ್ಪದೆ ಗೆಳೆಯರ ಜೊತೆ ಆಡುತ್ತೇನೆ. ಕಳೆದ ತಿಂಗಳು ಮೊದಲ ಸಲ ಕ್ಲಬ್ಬಿನ ಮೆಡಲ್ ಸ್ಪರ್ಧೆಗೆ ಹೆಸರು ಕೊಟ್ಟೆ. ಒಂದು ಗ್ರೀನ್‌ನಲ್ಲಿ ಚೆಂಡು ಕುಳಿಯಿಂದ ಗೇಣುದ್ದ ದೂರವಿತ್ತು. ಜೊತೆಯವರು ‘ತಗೊಳ್ಳಿ ಸಾರ್’ ಎಂದರು. ತೆಗೆದುಕೊಂಡು ಮುಂದಿನ ಟೀಗೆ ಹೋದೆ. ಆಟ ಮುಗಿದ ಮೇಲೆ ಅನರ್ಹ ಎಂದುಬಿಟ್ಟರು. ಎಲ್ಲರೆದುರು ತಲೆ ತಗ್ಗಿಸುವಂತಾಯಿತು. ಇನ್ನೊಂದು ವಿಷಯ. ಅಂದು ನಾನು ಕಾರ್ಡ್ ಬರೆಯುತ್ತಿದ್ದುದು ನನ್ನ ಹಳೆಯ ಮೇಲಧಿಕಾರಿಗೆ. ರಫ್‌ನಲ್ಲಿ ಅವರು ಚೆಂಡನ್ನು ಕಾಲಿನಿಂದ ಸರಿಸಿದ್ದನ್ನು ಕಣ್ಣಾರೆ ಕಂಡೆ. ಬಾಯಿ ಬರಲಿಲ್ಲ, ಸಹಿ ಹಾಕಿದೆ. ನಿಯಮ ಪುಸ್ತಕ ತೆರೆದರೆ ತಲೆ ಗಿರ್ ಎನ್ನುತ್ತದೆ. ಸ್ಪರ್ಧೆಯ ಸಹವಾಸವೇ ಬೇಡವೇ?
– ಹೆಸರು ಬೇಡ, ಮೈಸೂರು

ಉತ್ತರ: ಸಹವಾಸ ಬಿಡುವಷ್ಟು ದೊಡ್ಡದೇನೂ ಆಗಿಲ್ಲ. ನಿಮ್ಮ ಪತ್ರ ಓದಿದರೆ ನಿಯಮದ ಅಜ್ಞಾನಕ್ಕಿಂತ ಭಾನುವಾರದ ರೂಢಿಯೇ ಹೆಚ್ಚು ಕಾಣುತ್ತದೆ. ಜೊತೆಗೆ ಒಂದಿಷ್ಟು ದಾಕ್ಷಿಣ್ಯ. ಹವ್ಯಾಸಿ ಸ್ಪರ್ಧೆಗಳಲ್ಲಿ ಬೀಳುವ ಪೆನಾಲ್ಟಿಗಳಲ್ಲಿ ಬಹುಪಾಲು ಈ ಎರಡರಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ.

ಚಿಕ್ಕ ಪಟ್ ಬಿಟ್ಟುಕೊಡುವುದು ಮ್ಯಾಚ್ ಪ್ಲೇಯಲ್ಲಿ ಮಾತ್ರ ನಡೆಯುತ್ತದೆ. ಅಲ್ಲಿ ನಿಮ್ಮ ಎದುರಾಳಿ ಒಬ್ಬರೇ, ಬಿಟ್ಟುಕೊಡುವ ಹಕ್ಕು ಅವರದು. ಮೆಡಲ್‌ನಲ್ಲಿ ಸ್ಪರ್ಧೆಗಿಳಿದ ಎಲ್ಲರೂ ನಿಮ್ಮ ಎದುರಾಳಿಗಳು. ‘ತಗೊಳ್ಳಿ’ ಎನ್ನುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ, ಚೆಂಡು ಕುಳಿಗೆ ಬೀಳಲೇಬೇಕು. ಹಾಗಿದ್ದೂ ನಿಮಗೆ ದಾರಿಯಿತ್ತು. ಮುಂದಿನ ಟೀಯಲ್ಲಿ ಹೊಡೆಯುವ ಮೊದಲೇ ನೆನಪಾಗಿದ್ದರೆ ವಾಪಸ್ ಹೋಗಿ, ಚೆಂಡನ್ನು ಇದ್ದಲ್ಲೇ ಇಟ್ಟು, ಗುರುತು ಹಾಕದೆ ಎತ್ತಿದ್ದಕ್ಕೆ ಒಂದು ಹೊಡೆತ ಸೇರಿಸಿಕೊಂಡು ಪಟ್ ಮುಗಿಸಬಹುದಿತ್ತು. ಟೀಯಿಂದ ಚೆಂಡು ಹಾರಿತೋ, ಅನರ್ಹತೆ ಖಾಯಂ. ಅಂದು ಅಂಕದ ಲೆಕ್ಕದ ಸ್ಟೇಬಲ್‌ಫೋರ್ಡ್ ಆಟ ಇದ್ದಿದ್ದರೆ ಆ ಹೋಲ್‌ಗೆ ಸೊನ್ನೆ ಅಂಕ, ಅಷ್ಟೇ. ಆದ್ದರಿಂದ ಮೊದಲ ಟೀಯಲ್ಲಿ ನಿಲ್ಲುವ ಮುನ್ನ ‘ಇವತ್ತು ಯಾವ ಆಟ?’ ಎಂದು ಕೇಳಿ. ನೋಟಿಸ್ ಬೋರ್ಡನ್ನೂ ಓದಿ. ಮಳೆಗಾಲದಲ್ಲಿ ಚೆಂಡೆತ್ತಿ, ಒರೆಸಿ, ಇಡಬಹುದು ಎಂದು ಕಮಿಟಿ ಸ್ಥಳೀಯ ನಿಯಮ ಹಾಕಿದ್ದರೆ, ಅದು ಸಾಮಾನ್ಯವಾಗಿ ಫೇರ್‌ವೇಗೆ ಮಾತ್ರ. ಎಷ್ಟು ದೂರದೊಳಗೆ ಇಡಬೇಕು ಎಂಬುದೂ ಅದರಲ್ಲೇ ಇರುತ್ತದೆ. ನಮ್ಮ ಜನ ಅದನ್ನು ವರ್ಷಪೂರ್ತಿ, ರಫ್‌ನೊಳಗೂ ಕೊಂಡೊಯ್ಯುತ್ತಾರೆ.

ನನ್ನ ಸಲಹೆ ಇಷ್ಟೇ: ಚೆಂಡಿಗೆ ಕೈ ಹಾಕುವ ಮುನ್ನ, ಹೊಸ ಚೆಂಡು ಹೊಡೆಯುವ ಮುನ್ನ, ಮಾಡಲಿರುವುದನ್ನು ಜೋರಾಗಿ ಹೇಳಿ. ಕಾಡಿನತ್ತ ಹೋದ ಡ್ರೈವನ್ನೇ ತೆಗೆದುಕೊಳ್ಳಿ. ‘ಇನ್ನೊಂದು ಹೊಡೆದುಬಿಡ್ತೀನಿ’ ಎಂದು ಜೇಬಿಗೆ ಕೈ ಹಾಕುತ್ತೇವಲ್ಲ, ಅದು ಸಾಲದು. ‘ಪ್ರಾವಿಷನಲ್’ ಎಂದು ಹೇಳಬೇಕು, ಇಲ್ಲವೇ ಅದೇ ಉದ್ದೇಶ ಎಂಬುದು ಬೇರೆ ರೀತಿಯಲ್ಲಾದರೂ ಸ್ಪಷ್ಟವಾಗಬೇಕು. ಹೇಳದೆ ಹೊಡೆದರೆ ಎರಡನೇ ಚೆಂಡೇ ಆಟದ ಚೆಂಡು. ಮೊದಲನೆಯದು ಮರಕ್ಕೆ ಬಡಿದು ಫೇರ್‌ವೇ ನಡುವೆ ಬಂದು ಕೂತಿದ್ದರೂ ಅದು ನಿಮ್ಮದಲ್ಲ, ನೀವು ಆಗಲೇ ಮೂರು ಹೊಡೆತ ಮುಗಿಸಿದ್ದೀರಿ. ಹುಡುಕಾಟಕ್ಕೆ 2019ರಿಂದ ಇರುವುದು 3 ನಿಮಿಷ, ಹಿಂದಿನ ಐದಲ್ಲ. ನೀವು ಅಥವಾ ನಿಮ್ಮ ಕ್ಯಾಡಿ ಹುಡುಕಲು ಶುರುಮಾಡಿದಾಗಿನಿಂದ ಲೆಕ್ಕ. ಜೊತೆಯವರಿಗೆ ‘ಟೈಮ್ ನೋಡ್ಕೊಳ್ಳಿ’ ಎಂದುಬಿಡಿ.

ಸಿಕ್ಕ ಚೆಂಡು ನಿಮ್ಮದೇ ಎಂದು ಗೊತ್ತಾಗುವುದು ಹೇಗೆ? ನಾಲ್ವರಲ್ಲಿ ಇಬ್ಬರು ಒಂದೇ ಕಂಪನಿಯ, ಒಂದೇ ನಂಬರಿನ ಚೆಂಡು ತರುವುದು ಸಾಮಾನ್ಯ. ಮನೆಯಲ್ಲೇ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಟ್ಟು ಬನ್ನಿ. ಬೇರೆಯವರ ಚೆಂಡಿಗೆ ಹೊಡೆದರೆ ಎರಡು ಹೊಡೆತ ದಂಡ, ಮುಂದಿನ ಟೀಗೆ ಮುನ್ನ ಸರಿಪಡಿಸದಿದ್ದರೆ ಅನರ್ಹತೆ.

ಬ್ಯಾಗಿನಲ್ಲಿ ಕ್ಲಬ್ಬು 14 ದಾಟಬಾರದು ಎಂಬುದು ಎಲ್ಲರಿಗೂ ಗೊತ್ತು, ಎಣಿಸುವವರು ಕಡಿಮೆ. 2001ರ ಓಪನ್ ಚಾಂಪಿಯನ್‌ಷಿಪ್‌ನ ಕೊನೆಯ ದಿನ ಇಯಾನ್ ವೂಸ್ನಮ್ ಮೊದಲ ಹೋಲ್‌ನಲ್ಲಿ ಬರ್ಡಿ ಹೊಡೆದು ಎರಡನೆಯ ಟೀಗೆ ಬಂದಾಗ ಬ್ಯಾಗಿನಲ್ಲಿ ಎರಡು ಡ್ರೈವರ್ ಇದ್ದವು! ಒಟ್ಟು 15. ಎರಡು ಹೊಡೆತ ದಂಡ ಬಿತ್ತು. ಹೊಸದಾಗಿ ಕೊಂಡ ವೆಜ್ ಒಂದು ವಾರ ಪ್ರಾಕ್ಟೀಸ್‌ಗೆಂದು ಬ್ಯಾಗಿನಲ್ಲೇ ಉಳಿದಿರುವುದು ನಮ್ಮಲ್ಲೂ ಉಂಟು.

ಡ್ರಾಪ್ ಮಾಡುವಾಗ ಅವಸರ ಬೇಡ. ಈಗ ಮೊಣಕಾಲಿನ ಎತ್ತರದಿಂದ ಬಿಡಬೇಕು. ಬಂಡಿ ದಾರಿಯ ಮೇಲೆ ನಿಂತ ಚೆಂಡಿಗೆ ದಂಡವಿಲ್ಲದೆ ಒಂದು ಕ್ಲಬ್ ಉದ್ದ, ಕೆಂಪು ಗೂಟದ ಪ್ರದೇಶದ ಪಕ್ಕಕ್ಕೆ ಬಂದರೆ ಒಂದು ಹೊಡೆತ ತೆತ್ತು ಎರಡು ಕ್ಲಬ್ ಉದ್ದ. ಎರಡರಲ್ಲೂ ಕುಳಿಗೆ ಹತ್ತಿರವಾಗುವಂತಿಲ್ಲ. ಆದರೆ ದಾರಿಯ ಮೇಲಿನ ಚೆಂಡನ್ನು ಥಟ್ಟನೆ ಎತ್ತಬೇಡಿ. ಲೆಕ್ಕಕ್ಕೆ ಬರುವುದು ದಾರಿಯ ಅಡ್ಡಿ ತಪ್ಪುವ ಅತಿ ಹತ್ತಿರದ ಜಾಗ, ಅತಿ ಚೆಂದದ ಜಾಗವಲ್ಲ. ಅದು ಲಂಟಾನ ಪೊದೆಯೊಳಗೆ ಬಿದ್ದರೆ ಸಿಮೆಂಟಿನ ಮೇಲಿಂದಲೇ ಹೊಡೆಯುವುದು ವಾಸಿ. ಎತ್ತಿದ ಮೇಲೆ ಮನಸ್ಸು ಬದಲಾಯಿಸಿ ವಾಪಸ್ ಇಟ್ಟರೆ ಒಂದು ಹೊಡೆತ ದಂಡ.

ಬಂಕರ್‌ನಲ್ಲಿ ಪ್ರಾಕ್ಟೀಸ್ ಸ್ವಿಂಗ್‌ಗೆ ಮರಳು ತಾಗಬಾರದು. ‘ಯಾವ ಐರನ್ ಹೊಡೆದ್ರಿ?’ ಎಂದು ಎದುರಾಳಿಯನ್ನು ಕೇಳಬಾರದು. ದೂರ ಎಷ್ಟು, ನಿಯಮ ಏನು ಎಂದು ಧಾರಾಳವಾಗಿ ಕೇಳಿ.

ಏನೂ ತೋಚದಾಗ? ಮೆಡಲ್ ಆಟದಲ್ಲಿ ಇದಕ್ಕೊಂದು ಒಳ್ಳೆಯ ಬಾಗಿಲಿದೆ, ಬಳಸುವವರು ಕಡಿಮೆ. ಆ ಹೋಲ್ ಅನ್ನು ಎರಡು ಚೆಂಡಿನಿಂದ ಮುಗಿಸಬಹುದು. ನಿಯಮ ಒಪ್ಪಿದರೆ ಯಾವ ಚೆಂಡು ಲೆಕ್ಕಕ್ಕೆ ಬರಬೇಕೆಂದು ಮೊದಲೇ ನಿಮ್ಮ ಕಾರ್ಡ್ ಬರೆಯುವ ಮಾರ್ಕರ್‌ಗೆ ತಿಳಿಸಿ. ಕಾರ್ಡ್ ಕೊಡುವ ಮುನ್ನ ಕಮಿಟಿಗೆ ವಿಷಯ ಹೇಳಿ, ಎರಡರಲ್ಲೂ ಸ್ಕೋರ್ ಒಂದೇ ಆಗಿದ್ದರೂ ಸರಿ. ಹೇಳದಿದ್ದರೆ ಅನರ್ಹತೆ.

ಇನ್ನು ಕಾರ್ಡ್. 1968ರ ಮಾಸ್ಟರ್ಸ್‌ನಲ್ಲಿ ರಾಬರ್ಟೊ ಡಿ ವಿಸೆಂಜೊ 17ನೇ ಹೋಲ್‌ನಲ್ಲಿ 3 ಹೊಡೆದಿದ್ದರು. ಮಾರ್ಕರ್ 4 ಬರೆದರು, ಇವರು ನೋಡದೆ ಸಹಿ ಹಾಕಿದರು. ಹೆಚ್ಚು ಬರೆದದ್ದು ಹಾಗೆಯೇ ನಿಲ್ಲುತ್ತದೆ. ಪ್ಲೇಆಫ್ ಕೈತಪ್ಪಿ, ಒಂದೇ ಹೊಡೆತದಿಂದ ಪಟ್ಟ ಬಾಬ್ ಗೋಲ್ಬಿಯ ಪಾಲಾಯಿತು. ಕಡಿಮೆ ಬರೆದರೆ ಇನ್ನೂ ಕಷ್ಟ. 2024ರ ಜೆನೆಸಿಸ್ ಇನ್ವಿಟೇಷನಲ್‌ನಲ್ಲಿ ಜೋರ್ಡನ್ ಸ್ಪೀತ್ 4ರ ಬದಲು 3 ಇದ್ದ ಕಾರ್ಡಿಗೆ ಸಹಿ ಹಾಕಿ ಅನರ್ಹರಾದರು. ಒಟ್ಟು ಕೂಡುವುದು ಕಮಿಟಿಯ ಕೆಲಸ. ಪ್ರತಿ ಹೋಲ್‌ನ ಅಂಕಿ ಮಾತ್ರ ನಿಮ್ಮ ಹೊಣೆ. ಮಾರ್ಕರ್ ಜೊತೆ ಕೂತು 1ರಿಂದ 18ರವರೆಗೆ ಒಂದೊಂದಾಗಿ ಓದಿ ತಾಳೆ ನೋಡಿ. ಕಾಫಿ, ಬಿಯರ್ ಎಲ್ಲ ಆಮೇಲೆ.

ಈಗ ನಿಮ್ಮ ಸಾಹೇಬರ ವಿಷಯ. ಅವರು ಹೊಡೆಯುವ ಮುನ್ನವೇ, ಮೆತ್ತಗೆ, ಪ್ರಶ್ನೆಯಾಗಿ ಕೇಳಬೇಕಿತ್ತು: ‘ಸಾರ್, ಚೆಂಡು ಅಲುಗಿತೇನೋ?’ ಹುಡುಕುವಾಗ ಆಕಸ್ಮಿಕವಾಗಿ ಕಾಲು ತಾಗಿದ್ದರೆ ದಂಡವೇ ಇಲ್ಲ, ಇದ್ದಲ್ಲಿಗೆ ಇಟ್ಟರಾಯಿತು. ಅವರಿಗೆ ಮರ್ಯಾದೆಯಿಂದ ಸರಿಪಡಿಸಿಕೊಳ್ಳಲು ಆ ಪ್ರಶ್ನೆಯೇ ಅವಕಾಶ. ಸರಿಸಿದ ಜಾಗದಿಂದಲೇ ಹೊಡೆದರೆ ಎರಡು ಹೊಡೆತ ದಂಡ. ಅದನ್ನು ಅವರು ಒಪ್ಪದಿದ್ದರೆ ಸಹಿ ಹಾಕಬೇಡಿ, ಕಮಿಟಿಗೆ ಹೇಳಿ. ಸುಳ್ಳೆಂದು ಗೊತ್ತಿದ್ದೂ ಸಹಿ ಹಾಕುವ ಮಾರ್ಕರ್, ತಾನೂ ಆಟಗಾರನಾಗಿದ್ದರೆ, ಅನರ್ಹನಾಗಬೇಕಾಗುತ್ತದೆ. ಗೊತ್ತಿರುವ ನಿಯಮವನ್ನು ಬಿಟ್ಟುಬಿಡೋಣ ಎಂದು ಇಬ್ಬರು ಮಾತಾಡಿಕೊಂಡರೆ ಇಬ್ಬರೂ ಹೊರಗೆ. ಅಂದು ಅವರಿಗೆ ಬಹುಮಾನ ಬಂದಿದ್ದರೆ ಕ್ಯಾಪ್ಟನ್‌ರನ್ನು ಕಂಡು ನಡೆದದ್ದನ್ನು ಹೇಳಿಬಿಡಿ, ನಿಮ್ಮ ಸಹಿಯ ಸಮೇತ. ಮುಜುಗರವಾಗುತ್ತದೆ, ಆಗಲಿ. ಎರಡನೇ ಸ್ಥಾನ ಬಂದವರಿಗೆ ಆಗಿರುವ ಅನ್ಯಾಯ ಅದಕ್ಕಿಂತ ದೊಡ್ಡದು.

ದಪ್ಪ ಪುಸ್ತಕ ಪಕ್ಕಕ್ಕಿಡಿ. ಆಟಗಾರರಿಗೆಂದೇ ಆರ್ ಅಂಡ್ ಎ ಸಂಸ್ಥೆ ತಂದಿರುವ ಚಿಕ್ಕ ಆವೃತ್ತಿ ಇದೆ, ಫೋನಿಗೆ ಉಚಿತ ಆ್ಯಪ್ ಕೂಡ ಇದೆ. ಅದನ್ನು ಇಳಿಸಿಕೊಂಡು ಮುಂದಿನ ಮೆಡಲ್‌ಗೆ ಈ ವಾರವೇ ಹೆಸರು ಕೊಡಿ.