‘ಆಧಾರಗಳು’ ಪಾಠಕ್ಕೆ ಒಂದು ಮುಳುಗಿದ ಹಡಗು

ಎಂಟನೆಯ ತರಗತಿಯ ‘ಆಧಾರಗಳು’ ಪಾಠವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಸಾಹಿತ್ಯ, ಶಾಸನ, ನಾಣ್ಯ ಎಂದು ಕಪ್ಪುಹಲಗೆಯ ಮೇಲೆ ಕವಲು ಬಿಡಿಸಿ ಮುಗಿಸುತ್ತಾರೆ. ಮಕ್ಕಳು ಹೆಸರುಗಳನ್ನು ಒಪ್ಪಿಸುತ್ತಾರೆ. ಎರಡು ಆಧಾರಗಳು ಒಂದಕ್ಕೊಂದು ಹೊಂದದಿದ್ದಾಗ ಏನು ಮಾಡಬೇಕೆಂಬುದು ಹಾಗೆಯೇ ಉಳಿಯುತ್ತದೆ. ಬನಹಟ್ಟಿಯ ಮಾದರಿ ಪಾಠಕ್ಕೆ ನಾನು ಬೇಕೆಂದೇ ದೂರದ ಕಥೆಯೊಂದನ್ನು ಆರಿಸಿಕೊಂಡೆ. ಊರಿನ ಐತಿಹ್ಯವಾದರೆ ಮನೆಯವರ ಭಕ್ತಿ ನಡುವೆ ಬರುತ್ತದೆ, ಮಗು ಪ್ರಶ್ನೆ ಕೇಳಲು ಅಂಜುತ್ತದೆ.

ಪೀಠಿಕೆ ಮಾತ್ರ ಊರಿನದೇ. ದೀಪಾವಳಿಗೆ ಮೊದಲು ಸೀರೆಯ ಗಂಟು ಪೇಟೆ ಮುಟ್ಟದಿದ್ದರೆ ಏನಾದೀತು? “ಹಬ್ಬ ಮುಗದ ಮ್ಯಾಲ ಯಾರ್ ತಗೋತಾರ್ರೀ ಸರ?” ನೇಕಾರರ ಮಕ್ಕಳಿಗೆ ಉತ್ತರ ಹೇಳಿಕೊಡಬೇಕಾಗಲಿಲ್ಲ. ಬಿರುಗಾಳಿಯ ತಿಂಗಳಾದ ನವೆಂಬರಿನಲ್ಲಿ ಅಮೆರಿಕದ ಕಪ್ತಾನ ಹರ್ಮನ್ ಶೂನೆಮನ್ ಹಡಗು ಬಿಟ್ಟದ್ದೇಕೆಂದು ಅಲ್ಲಿಗೇ ತಿಳಿಯಿತು.

‘ರೌಸ್ ಸಿಮನ್ಸ್’ 1868ರಲ್ಲಿ ಕಟ್ಟಿದ, ಮೂರು ಹಾಯಿಕಂಬಗಳ ಹಡಗು. 1912ರ ನವೆಂಬರ್ 22ರಂದು ಸಾವಿರಾರು ಕ್ರಿಸ್‌ಮಸ್ ಮರಗಳನ್ನು ಹೇರಿಕೊಂಡು ಮಿಶಿಗನ್ ಸರೋವರದ ಉತ್ತರ ದಂಡೆಯಿಂದ ಶಿಕಾಗೊ ಕಡೆಗೆ ಹೊರಟಿತು. ಮರುದಿನ ಕೆವಾನಿಯ ರಕ್ಷಣಾ ಠಾಣೆಯವರು ಅದರ ಅಪಾಯದ ಬಾವುಟ ಕಂಡರು. ಟೂ ರಿವರ್ಸ್ ಠಾಣೆಯ ಯಂತ್ರದೋಣಿ ಹೋಗಿ ಹುಡುಕಿದರೂ ಸಿಗಲಿಲ್ಲ. ಯಾರೂ ಬದುಕಲಿಲ್ಲ.

ನಂತರ ಚೀಟಿಗಳನ್ನು ಹಂಚಿದೆ. ಒಂದರಲ್ಲಿ, ಹೊರಡುವ ಮುನ್ನ ಇಲಿಗಳು ಹಡಗಿನಿಂದ ಇಳಿದು ಓಡಿದವು ಎಂಬ ಮಾತು. ಇನ್ನೊಂದರಲ್ಲಿ, 1924ರಲ್ಲಿ ಮೀನುಬಲೆಗೆ ಸಿಕ್ಕ ಕಪ್ತಾನನ ಕೈಚೀಲ. ಮತ್ತೊಂದರಲ್ಲಿ, ಹಡಗಿನಲ್ಲಿದ್ದವರ ಸಂಖ್ಯೆ ಒಂದೊಂದು ವರದಿಯಲ್ಲಿ ಒಂದೊಂದು ಬಗೆ. ಕೊನೆಯದರಲ್ಲಿ, 1971ರಲ್ಲಿ ಮುಳುಗುಗಾರ ಕೆಂಟ್ ಬೆಲ್‌ರಿಚರ್ಡ್ ಸುಮಾರು 50 ಮೀಟರ್ ಆಳದಲ್ಲಿ ಕಂಡ ಹಡಗು, ಅದರ ಒಡಲಲ್ಲಿ ಇನ್ನೂ ಮರಗಳು.

ಇಲಿಯ ಚೀಟಿಯೇ ಹೆಚ್ಚು ಹೊತ್ತು ತೆಗೆದುಕೊಂಡಿತು. ಎಲ್ಲರೂ ಸತ್ತ ಮೇಲೆ ಹೇಳಿದವರು ಯಾರು ಎಂದು ಒಬ್ಬಳು ಕೇಳಿದಳು. ದಂಡೆಯ ಮೇಲಿದ್ದವರು ನೋಡಿರಬಹುದಲ್ಲ ಎಂದ ಇನ್ನೊಬ್ಬ. ಅವಳು ಬಿಡಲಿಲ್ಲ: “ಮುಳುಗೂಕಿಂತ ಮೊದ್ಲ ಹೇಳಿದ್ರೋ, ಆಮ್ಯಾಲ ಹೇಳಿದ್ರೋ?” ನಾನು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದ ಐದು ಪ್ರಶ್ನೆಗಳಿಗಿಂತ ಇದು ಮೇಲು. ಇಂಥ ಹೊತ್ತಿನಲ್ಲಿ ‘ಅದು ಸುಳ್ಳು’ ಎಂದು ಶಿಕ್ಷಕರು ತೀರ್ಪು ಕೊಡಬಾರದು. ಇಲಿಯ ಮಾತು ಹಡಗಿನ ಬಗ್ಗೆ ಆಧಾರವಾಗದಿರಬಹುದು. ದುಃಖಪಟ್ಟ ಜನ ‘ಮುನ್ಸೂಚನೆ ಇತ್ತು’ ಎಂದುಕೊಳ್ಳಲು ಬಯಸಿದರು ಎಂಬುದಕ್ಕೆ ಆಧಾರವಾದೀತು.

ಬೀಳಗಿ ಕಡೆಯಿಂದ ಬಂದ ಹುಡುಗನ ಸಂದೇಹ ಬೇರೆ. ಹಿನ್ನೀರಿನಲ್ಲಿ ಮುಳುಗಿದ ಮನೆಗಳ ತೊಲೆ ಕೊಳೆಯುತ್ತವೆ, ಈ ಮರಗಳೇಕೆ ಉಳಿದವು? ಮಿಶಿಗನ್ನಿನ ಆಳದ ನೀರು ಸಿಹಿ, ಬಲು ತಣ್ಣಗೆ. ಕಡಲಿನಲ್ಲಿ ಕಟ್ಟಿಗೆ ಕೊರೆಯುವ ಹುಳು ಅಲ್ಲಿಲ್ಲ. ವಿಜ್ಞಾನದ ಶಿಕ್ಷಕರನ್ನು ಜೊತೆಗೆ ಕರೆದುಕೊಂಡರೆ ಒಳ್ಳೆಯದು.

ಭಾರತದ ಉದಾಹರಣೆಯೇ ಬೇಕೆಂದು ಮುಧೋಳದ ಪ್ರಶಿಕ್ಷಣಾರ್ಥಿಯೊಬ್ಬರು ಕೇಳಿದರು. 1888ರ ನವೆಂಬರಿನಲ್ಲಿ ಗುಜರಾತ್ ಕರಾವಳಿಯಲ್ಲಿ ಕಾಣೆಯಾದ ‘ವೈತರಣಾ’ ಇದೆ. ವಿದ್ಯುದ್ದೀಪಗಳಿದ್ದುದರಿಂದ ಜನ ಅದನ್ನು ‘ವೀಜಳಿ’ ಎಂದರು, ಹಾಡು ಕಟ್ಟಿದರು. ಜಮಖಂಡಿಯ ಶಾಲೆಯಲ್ಲಿ ಅವರು ಅದನ್ನೇ ತೆಗೆದುಕೊಳ್ಳಲಿದ್ದಾರೆ.

ಒಂದು ಸೂಚನೆ: ಐತಿಹ್ಯ ಕಪ್ತಾನನಲ್ಲೇ ನಿಲ್ಲುತ್ತದೆ. ಅವನ ಹೆಂಡತಿ ಬಾರ್ಬರಾ ಹೆಣ್ಣುಮಕ್ಕಳೊಂದಿಗೆ ಮುಂದೆಯೂ ಹಲವು ವರ್ಷ ಶಿಕಾಗೊದಲ್ಲಿ ಮರ ಮಾರಿದಳು. ಇದಕ್ಕೆ ಐದು ನಿಮಿಷ ಉಳಿಸಿಕೊಳ್ಳಿ. ಹುಡುಗಿಯರು ಖಂಡಿತ ಕೇಳುತ್ತಾರೆ.